ನಾಟಕದ ಪ್ರಶ್ನೆಗೆ ಕಥಾಸಾರ ಉತ್ತರವಾಗದು: ‘ತುಘಲಕ್’ ಇಟ್ಟುಕೊಂಡು ಪ್ರಬಂಧ ಬರೆಯುವ ಬಗೆ

(ಸಾಹಿತ್ಯದ ವಿದ್ಯಾರ್ಥಿಗಳಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಆಧುನಿಕ ನಾಟಕದ ಮೇಲೆ ಪ್ರಶ್ನೆ ಬಂದರೆ ಉತ್ತರಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ಕಥಾಸಾರ. ಪ್ರಶ್ನೆ ಪಾತ್ರದ ಬಗ್ಗೆ ಇರಲಿ, ತಂತ್ರದ ಬಗ್ಗೆ ಇರಲಿ, ಸಮಕಾಲೀನತೆಯ ಬಗ್ಗೆ ಇರಲಿ, ಮೊದಲ ದೃಶ್ಯದಿಂದ ಕೊನೆಯ ದೃಶ್ಯದವರೆಗೆ ಏನೇನಾಯಿತು ಎಂದು ಬರೆದು, ಕೊನೆಗೆ ‘ಹೀಗೆ ಈ ನಾಟಕ ಕನ್ನಡದ ಶ್ರೇಷ್ಠ ಕೃತಿಗಳಲ್ಲಿ ಒಂದಾಗಿದೆ’ ಎಂದು ಮುಗಿಸಿಬಿಡುತ್ತಾರೆ. ಹಾಗೆ ಬರೆದವರು ನಾಟಕ ಓದಿಲ್ಲವೆಂದಲ್ಲ. ಚೆನ್ನಾಗಿಯೇ ಓದಿರುತ್ತಾರೆ, ಆದರೆ ಕಾದಂಬರಿಯಂತೆ ಓದಿರುತ್ತಾರೆ. ರಂಗದ ಮೇಲೆ ಆಗ ಯಾರಿದ್ದರು, ಯಾರಿಗೆ ಏನು ಗೊತ್ತಿತ್ತು, ಪ್ರೇಕ್ಷಕರಿಗೆ ಏನು ಗೊತ್ತಿತ್ತು, ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾದಾಗ ಜಾಗ ಹೇಗೆ ಬದಲಾಯಿತು ಎಂಬುದನ್ನು ಗಮನಿಸಿರುವುದಿಲ್ಲ. ನಾಟಕದ ಮೇಲಿನ ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಇರುವುದು ಅಲ್ಲೇ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಇವತ್ತು ಒಂದೇ ನಾಟಕವನ್ನು ಹಿಡಿದುಕೊಳ್ಳೋಣ. ಗಿರೀಶ ಕಾರ್ನಾಡರ ‘ತುಘಲಕ್’, 1964ರಲ್ಲಿ ಪ್ರಕಟವಾದದ್ದು, ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನನ್ನು ಕುರಿತ ಹದಿಮೂರು ದೃಶ್ಯಗಳ ನಾಟಕ. ಪದವಿ ತರಗತಿಯಿಂದ ಹಿಡಿದು ಕೇಂದ್ರ ಲೋಕಸೇವಾ ಆಯೋಗದ ಕನ್ನಡ ಐಚ್ಛಿಕ ಪತ್ರಿಕೆಯವರೆಗೆ ಇದರ ಮೇಲೆ ಪ್ರಶ್ನೆ ಬರುತ್ತದೆ. ಪ್ರಶ್ನೆಯನ್ನೂ ಒಂದೇ ಇಟ್ಟುಕೊಳ್ಳೋಣ: ‘ತುಘಲಕ್ ನಾಟಕದಲ್ಲಿ ಅಜೀಜನ ಪಾತ್ರದ ಮಹತ್ವವನ್ನು ವಿಶ್ಲೇಷಿಸಿ.’

ಮೊದಲು ಪ್ರಶ್ನೆಯನ್ನೇ ಓದಬೇಕು. ಈ ಪ್ರಶ್ನೆಯಲ್ಲಿ ಕೆಲಸದ ಮಾತು ಎರಡು: ‘ಮಹತ್ವ’ ಮತ್ತು ‘ವಿಶ್ಲೇಷಿಸಿ’. ಅಜೀಜ್ ಎಂಥವನು ಎಂದು ಯಾರೂ ಕೇಳಿಲ್ಲ. ಹಾಗೆ ಕೇಳಿದ್ದರೆ ‘ಪಾತ್ರಚಿತ್ರಣ ಮಾಡಿ’ ಎನ್ನುತ್ತಿದ್ದರು. ಅವನಿಲ್ಲದಿದ್ದರೆ ನಾಟಕಕ್ಕೆ ಏನು ಇಲ್ಲವಾಗುತ್ತಿತ್ತು ಎಂಬುದು ಇಲ್ಲಿನ ಪ್ರಶ್ನೆ. ಸುಲ್ತಾನನಿದ್ದಾನೆ, ಅವನ ಸಲಹೆಗಾರ ನಜೀಬನಿದ್ದಾನೆ, ಚರಿತ್ರಕಾರ ಬರನಿಯಿದ್ದಾನೆ, ಮಲತಾಯಿಯಿದ್ದಾಳೆ, ಅಮೀರರ ಸಂಚಿದೆ, ರಾಜಧಾನಿ ಬದಲಾವಣೆಯಿದೆ, ತಾಮ್ರದ ನಾಣ್ಯವಿದೆ. ಇಷ್ಟೆಲ್ಲ ಇದ್ದೂ ಒಬ್ಬ ಅಗಸ ಯಾಕೆ ಬೇಕಾದ? ಪ್ರಶ್ನೆಯನ್ನು ಹೀಗೆ ನಿಮ್ಮ ಮಾತಿನಲ್ಲಿ ತಿರುಗಿಸಿ ಕೇಳಿಕೊಂಡರೆ ಕಥಾಸಾರದ ದಾರಿ ತಾನಾಗಿಯೇ ಮುಚ್ಚುತ್ತದೆ. ಇನ್ನುಳಿದ ಸೂಚನೆಗಳನ್ನೂ ಗುರುತಿಟ್ಟುಕೊಳ್ಳಿ. ‘ಚರ್ಚಿಸಿ’ ಎಂದರೆ ಎರಡು ಕಡೆಯ ಮಾತೂ ಬರಬೇಕು. ‘ವಿಮರ್ಶಿಸಿ’ ಎಂದರೆ ನಿಮ್ಮ ತೀರ್ಮಾನವೂ ಅದಕ್ಕೆ ಕಾರಣವೂ ಬೇಕು. ‘ಈ ಹೇಳಿಕೆಯನ್ನು ಸಮರ್ಥಿಸಿ’ ಎಂದಿದ್ದರೆ ಹೇಳಿಕೆಯ ಜೊತೆ ಜಗಳಕ್ಕೆ ನಿಲ್ಲಬಾರದು.

ಎರಡನೆಯದು ವೇಳೆ. ಲೋಕಸೇವಾ ಆಯೋಗದ ಐಚ್ಛಿಕ ಪತ್ರಿಕೆಗೆ 3 ಗಂಟೆ, 250 ಅಂಕ. ಲೆಕ್ಕ ಹಾಕಿದರೆ ಒಂದು ಅಂಕಕ್ಕೆ ಸುಮಾರು 43 ಸೆಕೆಂಡು. 10 ಅಂಕದ ಉತ್ತರಕ್ಕೆ 7 ನಿಮಿಷ, 15 ಅಂಕಕ್ಕೆ ಹೆಚ್ಚೂಕಡಿಮೆ 11, 20 ಅಂಕಕ್ಕೆ 14. ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷೆಗೂ ಇದೇ ಲೆಕ್ಕ ಮಾಡಿ: ಒಟ್ಟು ನಿಮಿಷವನ್ನು ಒಟ್ಟು ಅಂಕದಿಂದ ಭಾಗಿಸಿದರೆ ಆಯಿತು. 14 ನಿಮಿಷ ಸಿಕ್ಕರೆ ಮೊದಲ 3 ನಿಮಿಷ ಪೆನ್ನು ಉತ್ತರಕ್ಕೆ ಹೋಗಬಾರದು. ಕೊನೆಯ ಪುಟದಲ್ಲಿ ಕಚ್ಚಾ ಕೆಲಸ ಎಂದು ಬರೆದು, ವಾದ ಒಂದು ವಾಕ್ಯ, ಅದಕ್ಕೆ ಆಧಾರವಾಗುವ ದೃಶ್ಯಗಳು ಮೂರೋ ನಾಲ್ಕೋ, ಎದುರು ಮಾತು ಒಂದು, ಇಷ್ಟನ್ನು ಗುರುತು ಹಾಕಿಕೊಳ್ಳಿ. 10 ನಿಮಿಷ ಬರವಣಿಗೆ, 1 ನಿಮಿಷ ಮರು ಓದು. ಆ ಮೂರು ನಿಮಿಷ ಉಳಿಸಲು ಹೋದವರೇ ಅರ್ಧಕ್ಕೆ ಬಂದು ‘ಮುಂದೇನು’ ಎಂದು ತಡವರಿಸುವುದು. ದಾರಿ ಗೊತ್ತಿಲ್ಲದಾಗ ಕೈ ಕಥೆಯ ಕಡೆಗೇ ಹೋಗುತ್ತದೆ, ಏಕೆಂದರೆ ಕಥೆಗೆ ಮುಂದಿನ ಘಟನೆ ಸಿದ್ಧವಾಗಿರುತ್ತದೆ.

ಈಗ ವಾದ. ಇಡೀ ಪ್ರಬಂಧ ನಿಲ್ಲುವುದು ಇದರ ಮೇಲೆ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

‘ಅಜೀಜ್ ಒಂದು ಪ್ರಮುಖ ಪಾತ್ರ’ ಎಂಬುದು ವಾದವಲ್ಲ. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ‘ಅಜೀಜ್ ಸುಲ್ತಾನನ ಪ್ರತಿಬಿಂಬ’ ಎಂಬುದು ಸ್ವಲ್ಪ ಮೇಲು, ಆದರೆ ಇದು ಗೈಡುಗಳಲ್ಲಿ ಸವೆದುಹೋದ ಮಾತು. ಎಂಥ ಪ್ರತಿಬಿಂಬ, ಯಾವ ದೃಶ್ಯದಲ್ಲಿ, ಯಾವ ರೀತಿಯಲ್ಲಿ ಎಂದು ಹೇಳದಿದ್ದರೆ ಅದರಿಂದ ಪ್ರಯೋಜನವಿಲ್ಲ. ವಾದ ಸಿಗಬೇಕಾದರೆ ನಾಟಕದ ರಚನೆಗೆ ಹೋಗಬೇಕು.

ಹದಿಮೂರು ದೃಶ್ಯಗಳು ನಡೆಯುವ ಜಾಗಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ದೆಹಲಿಯ ನ್ಯಾಯಾಲಯದ ಎದುರಿನ ಅಂಗಳ, ಅರಮನೆ, ಮಸೀದಿಯ ಮುಂದಿನ ಬಯಲು, ಮತ್ತೆ ಅರಮನೆ, ಸಂಚುಗಾರರು ಸೇರುವ ಮನೆ, ಮತ್ತೆ ಅರಮನೆ. ನಂತರ ದೆಹಲಿಯಿಂದ ಹೊಸ ರಾಜಧಾನಿ ದೌಲತಾಬಾದಿಗೆ ಹೋಗುವ ದಾರಿಯ ಬಿಡಾರ, ಕೋಟೆ, ಬೆಟ್ಟದ ಅಡಗುತಾಣ, ಅರಮನೆ, ಕೋಟೆಯ ಹೊರಗಿನ ಬಯಲು, ಕೊನೆಗೆ ಅರಮನೆ. ಹೀಗೆ ಬರೆದ ತಕ್ಷಣ ಒಂದು ವಿನ್ಯಾಸ ಕಣ್ಣಿಗೆ ಬೀಳುತ್ತದೆ: ಜನ ಸೇರುವ ಬೀದಿ, ಅಧಿಕಾರ ಕೂರುವ ಅರಮನೆ, ಇವೆರಡರ ನಡುವೆ ನಾಟಕ ಓಡಾಡುತ್ತದೆ. ಇದು ಆಕಸ್ಮಿಕವಲ್ಲ. ಪಾರ್ಸಿ ಶೈಲಿಯ ಕಂಪನಿ ನಾಟಕಗಳಲ್ಲಿ ಮುಂದೆ ಬೀದಿಯ ಪರದೆ ಇಳಿಬಿಟ್ಟು ಹಾಸ್ಯಪಾತ್ರಗಳ ದೃಶ್ಯ ಆಡಿಸುತ್ತಿದ್ದರು. ಆ ಹೊತ್ತಿಗೆ ಪರದೆಯ ಹಿಂದೆ ಅರಮನೆಯ ದೊಡ್ಡ ಸಜ್ಜಿಕೆ ಸಿದ್ಧವಾಗುತ್ತಿತ್ತು. ಕಾರ್ನಾಡರು ಆ ಪದ್ಧತಿಯನ್ನು ತಿಳಿದೇ ಬಳಸಿಕೊಂಡರು. ಅವರೇ ಇದನ್ನು ಹೇಳಿದ್ದಾರೆ.

ಈಗ ಅಜೀಜನನ್ನು ಈ ನಕ್ಷೆಯ ಮೇಲೆ ಇಟ್ಟು ನೋಡಿ. ಒಂದನೆಯ ದೃಶ್ಯದಲ್ಲಿ ಅವನು ಬೀದಿಯವನು. ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ವೇಷ ಹಾಕಿ, ಸುಲ್ತಾನನ ಅಧಿಕಾರಿಗಳು ತನ್ನ ಜಮೀನು ಕಿತ್ತುಕೊಂಡರೆಂದು ಸುಲ್ತಾನನ ಮೇಲೆಯೇ ದಾವೆ ಹೂಡಿ, ಗೆದ್ದು, 500 ಬೆಳ್ಳಿಯ ದಿನಾರುಗಳನ್ನೂ ಸರ್ಕಾರಿ ನೌಕರಿಯನ್ನೂ ಪಡೆಯುತ್ತಾನೆ. ಏಳನೆಯ ದೃಶ್ಯದಲ್ಲಿ ದೌಲತಾಬಾದಿನ ದಾರಿಯಲ್ಲಿ ಜನರನ್ನು ಸುಲಿಯುವ ಅಧಿಕಾರಿ. ಒಂಬತ್ತರಲ್ಲಿ ಬೆಟ್ಟದ ದರೋಡೆಕೋರ. ಅಲ್ಲಿ ಖಲೀಫರ ವಂಶದ ಘಿಯಾಸುದ್ದೀನ್ ಅಬ್ಬಾಸಿಯನ್ನು ಕೊಂದು ಅವನ ಉಡುಪು ತೊಡುತ್ತಾನೆ. ಹನ್ನೊಂದರಲ್ಲಿ ಖಲೀಫರ ವಂಶಸ್ಥನಾಗಿ ಜನಸಮೂಹದ ನಡುವೆ ಬಂದು ಇಳಿಯುತ್ತಾನೆ. ಹದಿಮೂರರಲ್ಲಿ ಅರಮನೆಯೊಳಗೆ ಸುಲ್ತಾನನ ಎದುರು ನಿಂತಿದ್ದಾನೆ. ಅಂದರೆ ಪರದೆಯ ಮುಂದೆ ಇರಬೇಕಾದ ಹಾಸ್ಯಪಾತ್ರ ಪರದೆಯ ಹಿಂದಿನ ಜಾಗಕ್ಕೆ ಬಂದು ತಲುಪಿದೆ.

ಇಲ್ಲಿ ವಾದ ಸಿಕ್ಕಿತು. ಅದನ್ನು ಒಂದು ವಾಕ್ಯದಲ್ಲಿ ಬರೆಯೋಣ: ‘ಸುಲ್ತಾನನ ಒಂದೊಂದು ಆದರ್ಶವೂ ಬೀದಿಗೆ ಇಳಿದಾಗ ಏನಾಗುತ್ತದೆ ಎಂಬುದನ್ನು ಕಾರ್ನಾಡರು ಅಜೀಜನ ಮೂಲಕ ತೋರಿಸುತ್ತಾರೆ. ಬೀದಿಯಲ್ಲಿ ಶುರುವಾದ ಈ ಪಾತ್ರ ಅರಮನೆಗೆ ತಲುಪುವ ಹೊತ್ತಿಗೆ ಆಳುವವನಿಗೂ ವಂಚಿಸುವವನಿಗೂ ನಡುವಿನ ಗೆರೆ ಅಳಿಸಿಹೋಗಿರುತ್ತದೆ.’ ಈ ಮಾತನ್ನು ಒಬ್ಬರು ಒಪ್ಪದೇ ಇರಬಹುದು, ಇದಕ್ಕೆ ಆಧಾರ ಕೇಳಬಹುದು, ಇದನ್ನು ದೃಶ್ಯ ತೋರಿಸಿ ಸಾಧಿಸಬಹುದು. ಈ ಮೂರೂ ಇದ್ದರೆ ಅದು ವಾದ. ಪೀಠಿಕೆಗೆ ಇಷ್ಟು ಸಾಕು. ಕಾರ್ನಾಡರು 1938ರಲ್ಲಿ ಹುಟ್ಟಿದರು, ಜ್ಞಾನಪೀಠ ಬಂತು, ‘ಯಯಾತಿ’, ‘ಹಯವದನ’ ಬರೆದರು ಎಂದು ಅರ್ಧ ಪುಟ ತುಂಬಿಸಬೇಡಿ. ಅದು ಸತ್ಯವೇ ಆದರೂ ಪ್ರಶ್ನೆಗೆ ಸಂಬಂಧವಿಲ್ಲ, 14 ನಿಮಿಷದಲ್ಲಿ 3 ನಿಮಿಷ ಅದಕ್ಕೇ ಹೋಗುತ್ತದೆ.

ಮುಂದೆ ಪ್ಯಾರಾಗಳು. ಒಂದು ಪ್ಯಾರಾವನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಬರೆಯುವುದು ಹೀಗೆ:

‘ಅಜೀಜ್ ಒಬ್ಬ ಅಗಸ. ಅವನು ಬ್ರಾಹ್ಮಣನ ವೇಷ ಹಾಕಿಕೊಂಡು ನ್ಯಾಯಾಲಯಕ್ಕೆ ಹೋಗುತ್ತಾನೆ. ಅಲ್ಲಿ ಅವನಿಗೆ ನ್ಯಾಯ ಸಿಗುತ್ತದೆ. ಅಲ್ಲಿ ಅವನ ಹಳೆಯ ಗೆಳೆಯ ಆಜಮ್ ಸಿಗುತ್ತಾನೆ. ಆಜಮ್ ಒಬ್ಬ ಜೇಬುಗಳ್ಳ. ಇಬ್ಬರೂ ಸೇರಿ ಮುಂದೆ ಅನೇಕ ಮೋಸಗಳನ್ನು ಮಾಡುತ್ತಾರೆ. ಇದರಿಂದ ಅಜೀಜ್ ಬಹಳ ಚಾಣಾಕ್ಷ ಎಂದು ತಿಳಿಯುತ್ತದೆ.’

ಇದರಲ್ಲಿ ತಪ್ಪು ಮಾಹಿತಿ ಒಂದೂ ಇಲ್ಲ. ಆದರೆ ಎಲ್ಲ ವಾಕ್ಯಗಳೂ ‘ಆಮೇಲೆ ಏನಾಯಿತು’ ಎಂಬುದಕ್ಕೆ ಉತ್ತರ, ಒಂದೂ ‘ಯಾಕೆ ಹೀಗೆ ಬರೆದರು’ ಎಂಬುದಕ್ಕೆ ಉತ್ತರವಲ್ಲ. ಕೊನೆಯ ವಾಕ್ಯ ತೀರ್ಮಾನದಂತೆ ಕಂಡರೂ ಅದು ಮನುಷ್ಯನ ಗುಣದ ಬಗ್ಗೆ ಮಾತಾಡುತ್ತದೆ, ನಾಟಕದ ಬಗ್ಗೆ ಅಲ್ಲ. ಅದೇ ದೃಶ್ಯವನ್ನು ಹೀಗೆ ಬರೆಯಬಹುದು:

‘ಮೊದಲ ದೃಶ್ಯದಲ್ಲಿ ಸುಲ್ತಾನ ತನ್ನ ನ್ಯಾಯಪರತೆಯನ್ನು ಜನರೆದುರು ಸಾರುವುದು ಒಂದು ದಾವೆಯ ಆಧಾರದ ಮೇಲೆ, ಆ ದಾವೆಯೇ ಸುಳ್ಳು. ಸುಲ್ತಾನ ನಿರ್ಗಮಿಸಿದ ಮೇಲೆ ಆಜಮ್ ಆ ಬ್ರಾಹ್ಮಣನನ್ನು ಗುರುತಿಸುವುದರಿಂದ ಈ ಸತ್ಯ ಪ್ರೇಕ್ಷಕರಿಗೆ ಗೊತ್ತಾಗುತ್ತದೆ, ಸುಲ್ತಾನನಿಗೆ ಗೊತ್ತಾಗುವುದಿಲ್ಲ. ಅವನಿಗೆ ಗೊತ್ತಾಗುವುದು ಹದಿಮೂರನೆಯ ದೃಶ್ಯದಲ್ಲಿ. ನಡುವೆ ಸುಲ್ತಾನ ತನ್ನ ಆದರ್ಶದ ಬಗ್ಗೆ ಆಡುವ ಪ್ರತಿ ಮಾತಿನ ಹಿಂದೆಯೂ ಅದರ ಮೊದಲ ಫಲಾನುಭವಿ ಒಬ್ಬ ವಂಚಕ ಎಂಬ ನೆನಪು ಪ್ರೇಕ್ಷಕರಲ್ಲಿ ಉಳಿದಿರುತ್ತದೆ.’

ಎರಡನೆಯದು ಒಂದಿಷ್ಟು ಉದ್ದ, ಅಷ್ಟೇ. ಎರಡನೆಯದರಲ್ಲಿ ನಾಟಕೀಯ ವ್ಯಂಗ್ಯ (ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿರುವುದು) ಎಂಬ ಪಾರಿಭಾಷಿಕ ಪದ ಬಂದಿಲ್ಲ, ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಬಂದಿದೆ. ಪದವನ್ನೂ ಸೇರಿಸಿದರೆ ಒಳ್ಳೆಯದು. ಪದ ಮಾತ್ರ ಬರೆದು ಕೆಲಸ ತೋರಿಸದಿದ್ದರೆ ಅಂಕ ಬರುವುದಿಲ್ಲ. ‘ಯಾರು ನಿರ್ಗಮಿಸಿದ ಮೇಲೆ ಯಾರು ಏನು ಹೇಳಿದರು’ ಎಂಬ ವಿವರದಿಂದ ಇಡೀ ಪ್ಯಾರಾ ಹುಟ್ಟಿತು ಎಂಬುದನ್ನು ಗಮನಿಸಿ. ಆದ್ದರಿಂದ ಓದುವಾಗ ಪ್ರವೇಶ, ನಿರ್ಗಮನ, ರಂಗಸೂಚನೆಗಳ ಕೆಳಗೆ ಪೆನ್ಸಿಲ್ ಗೆರೆ ಎಳೆಯುತ್ತಾ ಹೋಗಿ. ಅವನ್ನು ದಾಟಿ ಸಂಭಾಷಣೆಗೆ ಹಾರುವ ಅಭ್ಯಾಸ ಎಲ್ಲರಿಗೂ ಇರುತ್ತದೆ.

ಎರಡನೆಯ ಪ್ಯಾರಾ ವೇಷದ ಬಗ್ಗೆ ಇರಲಿ. ಇಲ್ಲಿ ಅಜೀಜನನ್ನು ಒಬ್ಬನನ್ನೇ ನೋಡದೆ, ನಾಟಕದಲ್ಲಿ ಇನ್ನೆಲ್ಲಿ ವೇಷಾಂತರ ಇದೆ ಎಂದು ಹುಡುಕಬೇಕು. ಸುಲ್ತಾನನನ್ನು ಟೀಕಿಸುವ ಧರ್ಮಗುರು ಶೇಖ್ ಇಮಾಮುದ್ದೀನ್ ನೋಡಲು ಸುಲ್ತಾನನನ್ನೇ ಹೋಲುತ್ತಾನೆ. ಅವನನ್ನು ಶಾಂತಿಯ ದೂತನೆಂದು ಒಪ್ಪಿಸಿ, ರಾಜನ ಉಡುಪು ತೊಡಿಸಿ ಬಂಡೆದ್ದ ಐನ್-ಉಲ್-ಮುಲ್ಕನ ಸೈನ್ಯದ ಎದುರು ಕಳಿಸುತ್ತಾನೆ ಸುಲ್ತಾನ. ಶೇಖ್ ಸಾಯುತ್ತಾನೆ. ಅಜೀಜ್ ಒಬ್ಬನನ್ನು ಕೊಂದು ಅವನ ಉಡುಪನ್ನು ತಾನು ತೊಡುತ್ತಾನೆ. ಸುಲ್ತಾನ ತನ್ನ ಉಡುಪನ್ನು ಒಬ್ಬನಿಗೆ ತೊಡಿಸಿ ಅವನನ್ನು ಕೊಲ್ಲಿಸುತ್ತಾನೆ. ಈ ಎರಡನ್ನು ಅಕ್ಕಪಕ್ಕ ಇಟ್ಟರೆ ‘ಪ್ರತಿಬಿಂಬ’ ಎಂಬ ಸವೆದ ಮಾತಿಗೆ ಜೀವ ಬರುತ್ತದೆ. ಬಿಂಬದಲ್ಲಿ ಎಡಬಲ ತಿರುಗಿರುತ್ತದಲ್ಲ, ಹಾಗೆಯೇ ಇಲ್ಲಿ ಉಡುಪಿನ ದಿಕ್ಕು ತಿರುಗಿದೆ.

ಮೂರನೆಯದು ಎದುರು ಮಾತು. ವಿಶ್ಲೇಷಣಾತ್ಮಕ ಪ್ರಬಂಧದಲ್ಲಿ ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಅಜೀಜ್ ಮತ್ತು ಸುಲ್ತಾನ ನಿಜವಾಗಿ ಒಂದೇ ಏನು? ಏಳನೆಯ ದೃಶ್ಯಕ್ಕೆ ಹೋಗಿ. ಸಾಯುವ ಸ್ಥಿತಿಯಲ್ಲಿರುವ ಮಗುವನ್ನು ಎತ್ತಿಕೊಂಡು ಬಂದ ಹೆಂಗಸು ಹಕೀಮನ ಬಳಿ ಹೋಗಲು ಅಪ್ಪಣೆ ಕೇಳುತ್ತಾಳೆ. ಅಜೀಜ್ ಲಂಚ ಕೇಳುತ್ತಾನೆ. ಪಕ್ಕದಲ್ಲಿದ್ದ ಜೇಬುಗಳ್ಳ ಆಜಮನಿಗೂ ಕನಿಕರ ಬರುತ್ತದೆ, ಇವನಿಗೆ ಬರುವುದಿಲ್ಲ. ಅಲ್ಲಿಯವರೆಗೆ ಅಜೀಜನ ಚಾಲಾಕಿಗೆ ನಕ್ಕ ಪ್ರೇಕ್ಷಕರ ನಗು ಇಲ್ಲಿ ನಿಲ್ಲುತ್ತದೆ. ಸುಲ್ತಾನ ಕೊಂದವರ ಸಂಖ್ಯೆ ದೊಡ್ಡದು, ಆದರೆ ಅವನಿಗೆ ನಿದ್ದೆ ಬರುವುದಿಲ್ಲ. ಅಜೀಜನಿಗೆ ಆ ಬಾಧೆಯಿಲ್ಲ. ಆದ್ದರಿಂದ ಇಬ್ಬರೂ ಒಂದೇ ಎಂದು ಸಮೀಕರಿಸಿ ಬರೆದರೆ ನಾಟಕ ಚಿಕ್ಕದಾಗುತ್ತದೆ. ಒಬ್ಬನಿಗೆ ಆತ್ಮಸಾಕ್ಷಿಯಿದೆ, ಇನ್ನೊಬ್ಬನಿಗಿಲ್ಲ. ಆದರೂ ಆಳಿಸಿಕೊಂಡ ಜನರ ಪಾಲಿಗೆ ಇಬ್ಬರಿಂದ ಬಂದ ಫಲ ಒಂದೇ. ಹೀಗೆ ಎದುರು ಮಾತನ್ನು ಎದುರಿಸಿದಾಗ ನಿಮ್ಮ ಮೊದಲಿನ ವಾದ ಇನ್ನಷ್ಟು ಖಚಿತವಾಗುತ್ತದೆ. ಹನ್ನೊಂದನೆಯ ದೃಶ್ಯದಲ್ಲಿ ಖಲೀಫರ ವಂಶಸ್ಥನ ಸ್ವಾಗತ ನಡೆಯುವಾಗ ಗುಂಪಿನಲ್ಲಿ ಅದೇ ಹೆಂಗಸು ಅವನನ್ನು ಗುರುತಿಸಿ ಕೂಗಿಕೊಳ್ಳುತ್ತಾಳೆ. ಸುಲ್ತಾನ ಗುರುತಿಸಲಾರದ್ದನ್ನು ಮಗು ಕಳೆದುಕೊಂಡ ತಾಯಿ ಗುರುತಿಸುತ್ತಾಳೆ. ಇದನ್ನು ಬಳಸಿಕೊಳ್ಳದೆ ಬಿಡಬೇಡಿ.

ನಾಲ್ಕನೆಯದು ಹದಿಮೂರನೆಯ ದೃಶ್ಯ. ಸಿಕ್ಕಿಬಿದ್ದ ಅಜೀಜ್ ತಾನೇ ಸುಲ್ತಾನನ ನಿಜವಾದ ಶಿಷ್ಯ ಎನ್ನುವ ಧಾಟಿಯಲ್ಲಿ ವಾದಿಸುತ್ತಾನೆ. ಸುಲ್ತಾನನ ಒಂದೊಂದು ಆಜ್ಞೆಯನ್ನೂ ತಾನು ಹೇಗೆ ಉಪಯೋಗಿಸಿಕೊಂಡೆ ಎಂದು ಪಟ್ಟಿ ಕೊಡುತ್ತಾನೆ. ಸುಲ್ತಾನ ಅವನಿಗೆ ಮರಣದಂಡನೆ ಕೊಡದೆ ದಖ್ಖನಿನಲ್ಲಿ ಅಧಿಕಾರ ಕೊಡುತ್ತಾನೆ. ಇಲ್ಲಿ ‘ಸುಲ್ತಾನನ ಕ್ಷಮಾಗುಣ’ ಎಂದು ಬರೆದವರು ಜಾರಿದಂತೆ. ಅವನನ್ನು ಶಿಕ್ಷಿಸಬೇಕಾದರೆ ತಾನು ಯಾರನ್ನು ಖಲೀಫರ ವಂಶಸ್ಥನೆಂದು ಜನರೆದುರು ಗೌರವಿಸಿದೆ ಎಂಬುದನ್ನು ಬಯಲು ಮಾಡಬೇಕಾಗುತ್ತದೆ. ಒಂದನೆಯ ದೃಶ್ಯದ ಸುಳ್ಳು ತೀರ್ಪಿಗೂ ಈ ತೀರ್ಪಿಗೂ ಒಂದೇ ವ್ಯತ್ಯಾಸ: ಮೊದಲನೆಯದನ್ನು ಸುಲ್ತಾನ ತಿಳಿಯದೆ ಒಪ್ಪಿಕೊಂಡ, ಇದನ್ನು ತಿಳಿದು ಕೊಡುತ್ತಿದ್ದಾನೆ.

ಇನ್ನು ದಾರಿ ತಪ್ಪಿಸುವ ಕೆಲವು ಸಂಗತಿಗಳು.

ಇತಿಹಾಸ ಅವುಗಳಲ್ಲಿ ದೊಡ್ಡದು. ಮಹಮ್ಮದ್ ಬಿನ್ ತುಘಲಕ್ 1325ರಿಂದ 1351ರವರೆಗೆ ಆಳಿದ. ನಾಟಕ 1327ರಲ್ಲಿ ಶುರುವಾಗಿ ಕೆಲವೇ ವರ್ಷಗಳಲ್ಲಿ ದೌಲತಾಬಾದಿನಲ್ಲೇ ನಿಲ್ಲುತ್ತದೆ. ಪ್ರವಾಸಿ ಇಬ್ನ್ ಬತೂತ ಏನು ಹೇಳಿದ, ಸುಲ್ತಾನ ಸಿಂಧ್ ಕಡೆ ಹೇಗೆ ಸತ್ತ ಎಂಬುದಕ್ಕೆ ಈ ಪ್ರಬಂಧದಲ್ಲಿ ಜಾಗವಿಲ್ಲ. ಬರನಿ ಬೇರೆ. ಅವನು ಚರಿತ್ರಕಾರನೂ ಹೌದು, ನಾಟಕದ ಪಾತ್ರವೂ ಹೌದು. ಅವನನ್ನು ಕರೆತಂದಾಗ ಯಾವ ಬರನಿಯ ಮಾತು ಆಡುತ್ತಿದ್ದೀರಿ ಎಂಬುದು ಸ್ಪಷ್ಟವಿರಲಿ.

ಎರಡನೆಯದು ನೆಹರೂ. ಈ ನಾಟಕ ನೆಹರೂ ಯುಗದ ಆದರ್ಶ ಮತ್ತು ಭ್ರಮನಿರಸನದ ರೂಪಕ ಎಂಬ ಓದು ಪ್ರಸಿದ್ಧ. ಇಂಗ್ಲಿಷ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಯು.ಆರ್. ಅನಂತಮೂರ್ತಿಯವರು ಇದನ್ನು ಅರವತ್ತರ ದಶಕದ ರಾಜಕೀಯ ಮನಸ್ಥಿತಿಯ ಜೊತೆ ಇಟ್ಟು ನೋಡಿದರು. ಅದನ್ನು ಒಂದು ಓದು ಎಂದು ಬರೆಯಿರಿ, ‘ತುಘಲಕ್ ಎಂದರೆ ನೆಹರೂ’ ಎಂದು ಸಮೀಕರಣ ಬರೆಯಬೇಡಿ. ‘ನೆಹರೂ ನಿಧನದ ನಂತರದ ನಿರಾಶೆಯಿಂದ ಹುಟ್ಟಿದ ನಾಟಕ’ ಎಂದೂ ಬರೆಯುತ್ತಾರೆ. ನೆಹರೂ ತೀರಿಕೊಂಡದ್ದು 1964ರ ಮೇ ತಿಂಗಳಲ್ಲಿ, ನಾಟಕ ಪ್ರಕಟವಾದದ್ದೂ ಅದೇ ವರ್ಷ. ಹೇಳಿಕೆಯನ್ನು ತೂಗಿ ಬರೆಯಬೇಕು.

ಮೂರನೆಯದು ಉದ್ಧರಣೆ. ಇಂಗ್ಲಿಷ್ ಟಿಪ್ಪಣಿ ಓದಿ ಅದರಲ್ಲಿನ ಸಂಭಾಷಣೆಯನ್ನು ಕನ್ನಡಕ್ಕೆ ತಿರುಗಿಸಿ ಉದ್ಧರಣ ಚಿಹ್ನೆಯೊಳಗೆ ಹಾಕುವವರಿದ್ದಾರೆ. ಕನ್ನಡದಲ್ಲೇ ಬರೆದ ನಾಟಕದ ಮಾತು ಹೀಗೆ ಬೇರೆಯಾಗಿ ಬಂದರೆ ಮೂಲ ಓದಿದ ಮೌಲ್ಯಮಾಪಕರಿಗೆ ತಕ್ಷಣ ಗೊತ್ತಾಗುತ್ತದೆ. ನಾಲ್ಕೈದು ಪದಗಳ ತುಣುಕುಗಳನ್ನು ಕನ್ನಡ ಮೂಲದಿಂದ ನೆನಪಿಟ್ಟುಕೊಳ್ಳಿ, ಇಡೀ ನಾಟಕಕ್ಕೆ ಹತ್ತು ಇದ್ದರೆ ಧಾರಾಳವಾಯಿತು. ನೆನಪು ಅನುಮಾನವಿದ್ದರೆ ಚಿಹ್ನೆ ಹಾಕದೆ ಅರ್ಥವನ್ನು ನಿಮ್ಮ ಮಾತಿನಲ್ಲಿ ಹೇಳಿ.

ಬೇರೆ ನಾಟಕಕ್ಕೆ ಇದೇ ಅಚ್ಚನ್ನು ಒತ್ತಬೇಡಿ. ಪ್ರತಿ ನಾಟಕಕ್ಕೂ ಅದರದೇ ಪ್ರವೇಶದ್ವಾರ ಇರುತ್ತದೆ. ಕುವೆಂಪು ಅವರ ‘ಶೂದ್ರ ತಪಸ್ವಿ’ಯಲ್ಲಿ ಅದು ಮೂಲದಿಂದ ಆದ ಬದಲಾವಣೆ. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ತಪಸ್ಸು ಮಾಡುತ್ತಿದ್ದ ಶೂದ್ರ ಶಂಬೂಕನ ತಲೆಯನ್ನು ರಾಮ ಕಡಿಯುತ್ತಾನೆ. ಇಲ್ಲಿ ರಾಮ ಬಿಟ್ಟ ಅಸ್ತ್ರ ತಪಸ್ವಿಗೆ ತಲೆಬಾಗಿ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಈ ಬದಲಾವಣೆಯನ್ನು ಮಾಸ್ತಿಯವರು ಆಕ್ಷೇಪಿಸಿದ್ದರು, ಕುವೆಂಪು ಉತ್ತರ ಕೊಟ್ಟಿದ್ದರು. ಆ ವಾಗ್ವಾದ ಗೊತ್ತಿದ್ದರೆ ಎದುರು ಮಾತು ಸಿದ್ಧವಾಗಿಯೇ ಸಿಕ್ಕಂತೆ. ಕೈಲಾಸಂ ನಾಟಕಗಳಲ್ಲಿ ಬಾಗಿಲು ಭಾಷೆ: ಯಾವ ಪಾತ್ರ ಇಂಗ್ಲಿಷ್ ಬೆರೆಸುತ್ತದೆ, ಯಾರ ಎದುರು ಬೆರೆಸುತ್ತದೆ ಎಂಬುದರಿಂದ ಶುರು ಮಾಡಬಹುದು.

ಮನೆಯಲ್ಲಿ ಕುಳಿತು ಬರೆಯುವ ನಿಯೋಜಿತ ಪ್ರಬಂಧವಾದರೆ ‘ತುಘಲಕ್’ನಲ್ಲೇ ಇನ್ನೊಂದು ಎಳೆ ಹಿಡಿಯಲು ಅವಕಾಶವಿದೆ, ಅದು ಪ್ರಾರ್ಥನೆ. ಮೊದಲ ದೃಶ್ಯದಲ್ಲಿ ಜನ ಅದರ ಬಗ್ಗೆ ಮಾತಾಡುತ್ತಾರೆ. ಆರನೆಯದರಲ್ಲಿ ಪ್ರಾರ್ಥನೆಯ ಹೊತ್ತಿನಲ್ಲೇ ಸುಲ್ತಾನನನ್ನು ಕೊಲ್ಲುವ ಸಂಚು ನಡೆಯುತ್ತದೆ, ಸಂಚಿನಲ್ಲಿದ್ದ ಶಿಹಾಬುದ್ದೀನನನ್ನು ಸುಲ್ತಾನ ತನ್ನ ಕೈಯಾರೆ ಇರಿಯುತ್ತಾನೆ, ಪ್ರಾರ್ಥನೆಯೇ ನಿಷಿದ್ಧವಾಗುತ್ತದೆ. ಹನ್ನೊಂದರಲ್ಲಿ ಅದು ಮತ್ತೆ ಶುರುವಾಗುವುದು ಒಬ್ಬ ವೇಷಧಾರಿಯ ಆಗಮನದ ನೆಪದಲ್ಲಿ. ಕೊನೆಯಲ್ಲಿ ಪ್ರಾರ್ಥನೆಯ ಕರೆ ಕೇಳಿಸುವಾಗ ಸುಲ್ತಾನ ನಿದ್ದೆಯಲ್ಲಿರುತ್ತಾನೆ. ಈ ನಾಲ್ಕು ಹಂತಗಳ ಮೇಲೆ 1500 ಪದಗಳ ಪ್ರಬಂಧ ಆರಾಮವಾಗಿ ನಿಲ್ಲುತ್ತದೆ. ಚದುರಂಗ, ಗುಲಾಬಿ ತೋಟ ಇವೂ ಇವೆ. ತೋಟದಲ್ಲಿ ಕಳ್ಳನಾಣ್ಯಗಳ ರಾಶಿ ಬೀಳುವ ಹತ್ತನೆಯ ದೃಶ್ಯ ಒಂದೇ ಒಂದು ಪ್ರಬಂಧಕ್ಕೆ ಸಾಕಾಗುವಷ್ಟು ದಟ್ಟವಾಗಿದೆ. ಆದರೆ ಎಲ್ಲ ಪ್ರತಿಮೆಗಳನ್ನೂ ಒಂದೇ ಉತ್ತರದಲ್ಲಿ ತುರುಕಿದರೆ ಒಂದಕ್ಕೂ ನ್ಯಾಯ ಸಿಗುವುದಿಲ್ಲ.

ಉಪಸಂಹಾರಕ್ಕೆ ಎರಡು ವಾಕ್ಯ ಸಾಕು. ಪೀಠಿಕೆಯ ವಾದವನ್ನು ಮತ್ತೆ ಬರೆಯುವ ಬದಲು, ಹದಿಮೂರನೆಯ ದೃಶ್ಯದ ತೀರ್ಪಿನ ಮೇಲೆ ಪ್ರಬಂಧ ನಿಲ್ಲಿಸಬಹುದು. ಕೊನೆಯ ಒಂದು ನಿಮಿಷ ಹೆಸರುಗಳಿಗೆ ಮೀಸಲಿಡಿ. ಇಮಾಮುದ್ದೀನ್, ಶಿಹಾಬುದ್ದೀನ್, ಘಿಯಾಸುದ್ದೀನ್ ಈ ಮೂರು ಹೆಸರುಗಳು ಗಡಿಬಿಡಿಯಲ್ಲಿ ಅದಲುಬದಲಾಗುವುದು ಸಾಮಾನ್ಯ. ಮೊದಲನೆಯವನು ಸುಲ್ತಾನನ ಉಡುಪಿನಲ್ಲಿ ಯುದ್ಧಭೂಮಿಯಲ್ಲಿ ಸತ್ತವನು, ಎರಡನೆಯವನು ಸುಲ್ತಾನನೇ ಇರಿದು ಕೊಂದವನು, ಮೂರನೆಯವನು ಅಜೀಜನಿಂದ ಕೊಲೆಯಾದವನು. ಹೀಗೆ ಸಾವಿನ ಬಗೆಯ ಜೊತೆ ಹೆಸರನ್ನು ಜೋಡಿಸಿಕೊಂಡು ಒಮ್ಮೆ ಕಣ್ಣಾಡಿಸಿ, ಆಮೇಲೆ ಮುಂದಿನ ಪ್ರಶ್ನೆಗೆ ಹೋಗಿ.